ಬಿಟ್‌ಕಾಯಿನ್ ಹಣದ ಚೀಲದ ಜೀರ್ಣೋದ್ಧಾರ

ಪಡೆಯದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ನಮ್ಮ ಪ್ರಾಚೀನರು ‘ಯೋಗಕ್ಷೇಮ’ವೆಂಬ ಒಂದೇ ಸಮಾಸದಲ್ಲಿ ಗೃಹಸ್ಥನ ಈ ಎರಡು ಹೊಣೆಗಳನ್ನೂ ಅಡಕಗೊಳಿಸಿದ್ದಾರೆ. ಇವುಗಳಲ್ಲಿ ಎರಡನೆಯದೇ ಕಷ್ಟತರವಾದುದೆಂಬುದು ಲೋಕಾನುಭವ. ಹೊನ್ನನ್ನು ಕೊಪ್ಪರಿಗೆಯಲ್ಲಿಟ್ಟು ನೆಲದಲ್ಲಿ ಹೂಳುತ್ತಿದ್ದ ಕಾಲ ಹೋಗಿ ಕಬ್ಬಿಣದ ಪೆಟ್ಟಿಗೆಯ ಕಾಲ ಬಂದಿತು. ಅದೂ ಹೋಗಿ ಬ್ಯಾಂಕಿನ ಭದ್ರಕೊಠಡಿಯ ಕಾಲ ಬಂದಿತು. ಆದರೆ ಕೈಗೆ ಸಿಲುಕದ, ಕಣ್ಣಿಗೆ ಕಾಣದ, ಕೇವಲ ಸಂಖ್ಯಾರೂಪವಾದ ಹಣವೊಂದು ಹುಟ್ಟಿದಾಗ ಅದನ್ನಿಡುವ ಚೀಲವು ಎಂತಹುದಾಗಿರಬೇಕು? ಆ ಚೀಲವು ಹಳತಾದಾಗ ಅದರೊಳಗಿನ ಹಣ ಚೆಲ್ಲದಂತೆ ಅದನ್ನು ಹೊಲಿಯುವ ಬಗೆ ಯಾವುದು? ಬಿಟ್‌ಕಾಯಿನ್ ಎಂಬ ಗಣಕಹಣದ ಇತಿಹಾಸವು ಈ ಪ್ರಶ್ನೆಗಳಿಗೆ ಉತ್ತರವನ್ನು ಒದಗಿಸುತ್ತದೆ.

ಸತೋಷಿ ನಕಾಮೊಟೊ ಎಂಬ ಹೆಸರನ್ನು ಧರಿಸಿದ್ದ ವ್ಯಕ್ತಿ ಅಥವಾ ಗುಂಪು 2008ರ ಅಕ್ಟೋಬರ್ 31ರಂದು ಈ ಹಣದ ಸ್ವರೂಪವನ್ನು ನಿರೂಪಿಸುವ ಕಿರುಪ್ರಬಂಧವನ್ನು ಪ್ರಕಟಿಸಿತು. 2009ರ ಜನವರಿಯಲ್ಲಿ ತಂತ್ರಾಂಶವು ಹೊರಬಂದಿತು. ಇಲ್ಲಿ ಟಂಕಸಾಲೆಯಿಲ್ಲ, ಖಜಾನೆಯಿಲ್ಲ, ಗುಮಾಸ್ತನಿಲ್ಲ. ಯಾರಿಂದ ಯಾರಿಗೆ ಎಷ್ಟು ಸಂದಾಯವಾಯಿತೆಂಬ ಲೆಕ್ಕದ ಪುಸ್ತಕವೊಂದೇ ಇದೆ. ಅದರ ಪ್ರತಿಗಳು ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಏಕರೂಪವಾಗಿ ಇರುತ್ತವೆ. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರಬಾರದೆಂಬುದು ಅದರ ಕಟ್ಟಳೆ.

ಈ ವ್ಯವಸ್ಥೆಯಲ್ಲಿ ‘ವಾಲೆಟ್’ ಅಥವಾ ಹಣದ ಚೀಲವೆಂಬುದು ಒಂದು ರೂಢನಾಮ ಮಾತ್ರ, ಅನ್ವರ್ಥನಾಮವಲ್ಲ. ಏಕೆಂದರೆ ಅದರಲ್ಲಿ ಹಣವೇ ಇರುವುದಿಲ್ಲ. ಹಣವು ಸರ್ವರ ಲೆಕ್ಕದ ಪುಸ್ತಕದಲ್ಲಿದೆ. ಚೀಲದಲ್ಲಿರುವುದು ಆ ಹಣವನ್ನು ವ್ಯಯಿಸಲು ರುಜು ಹಾಕುವ ಗುಪ್ತಸಂಖ್ಯೆ. ಅದನ್ನು ಖಾಸಗಿ ಕೀಲಿಯೆನ್ನುತ್ತಾರೆ. ದಶಮಾನ ಪದ್ಧತಿಯಲ್ಲಿ ಬರೆದರೆ ಅದು ಸುಮಾರು 78 ಅಂಕಗಳಷ್ಟು ಉದ್ದವಾಗಬಲ್ಲದು. ಆ ಸಂಖ್ಯೆಯನ್ನು ಬಲ್ಲವನೇ ಒಡೆಯ. ಅದು ಕಳೆದುಹೋದರೆ ಹಣವು ಪುಸ್ತಕದಲ್ಲಿ ಕಾಣುತ್ತಲೇ ಇರುತ್ತದೆ, ಆದರೆ ಮುಟ್ಟಲು ಯಾರಿಗೂ ಸಾಧ್ಯವಿಲ್ಲ. ಅದನ್ನು ಪರನೊಬ್ಬನು ನಕಲು ಮಾಡಿಕೊಂಡರೆ ಕ್ಷಣಮಾತ್ರದಲ್ಲಿ ಹಣವು ಅವನದಾಗುತ್ತದೆ. ಕೊಟ್ಟ ಆಜ್ಞೆಯನ್ನು ಹಿಂದೆಗೆಸಬಲ್ಲ ಬ್ಯಾಂಕಿನ ವ್ಯವಸ್ಥಾಪಕನು ಇಲ್ಲಿ ಇಲ್ಲ. ಆದುದರಿಂದ ಚೀಲದ ತಂತ್ರಾಂಶದಲ್ಲಿ ನುಸುಳಿದ ಒಂದು ದೋಷವು ಒಂದು ಮನೆತನದ ಉಳಿತಾಯವನ್ನೇ ನುಂಗಬಲ್ಲದು.

ಆರಂಭದ ತಂತ್ರಾಂಶದ ರಚನೆ ಸರಳವಾಗಿತ್ತು. ಜಾಲದೊಡನೆ ಮಾತನಾಡುವ ಭಾಗ, ಲೆಕ್ಕದ ಪುಸ್ತಕವನ್ನು ಪರೀಕ್ಷಿಸುವ ಭಾಗ, ಹಣದ ಚೀಲವನ್ನು ನೋಡಿಕೊಳ್ಳುವ ಭಾಗ ಇವೆಲ್ಲವೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದೇ ಕೋಣೆಯಲ್ಲಿ ಅಡುಗೆ, ಪೂಜೆ, ಕಣಜಗಳೆಲ್ಲವೂ ಇದ್ದಂತೆ. ಕೀಲಿಗಳು ‘ವಾಲೆಟ್.ಡ್ಯಾಟ್’ ಎಂಬ ಒಂದು ಕಡತದಲ್ಲಿ, ಬರ್ಕ್‌ಲಿ ಡಿಬಿ ಎಂಬ ದತ್ತಾಂಶಕೋಶದ ಆಶ್ರಯದಲ್ಲಿ, ಯಾವ ಮರೆಯೂ ಇಲ್ಲದೆ ತೆರೆದಂತೆಯೇ ಇರುತ್ತಿದ್ದವು. ಹಣಕ್ಕೆ ಬೆಲೆಯಿಲ್ಲದ ದಿನಗಳಲ್ಲಿ ಇದು ಯಾರನ್ನೂ ಕಾಡಲಿಲ್ಲ. ಬೆಲೆ ಬಂದೊಡನೆ ಕಳ್ಳರೂ ಬಂದರು. 2011ರ ಜೂನ್ ತಿಂಗಳಿನಲ್ಲಿ ಈ ಕಡತವನ್ನೇ ಹುಡುಕಿ ಕದ್ದೊಯ್ಯುವ ದುಷ್ಟ ತಂತ್ರಾಂಶವು ಪತ್ತೆಯಾಯಿತು.

ಇದಕ್ಕೆ ಪರಿಹಾರವಾಗಿ 2011ರ ಸೆಪ್ಟೆಂಬರಿನಲ್ಲಿ ಬಂದ 0.4.0 ಆವೃತ್ತಿಯಲ್ಲಿ ಕೀಲಿಗಳನ್ನು ಗೂಢಲಿಪಿಗೆ ಪರಿವರ್ತಿಸುವ ಸೌಕರ್ಯವನ್ನು ಕಲ್ಪಿಸಲಾಯಿತು. ಅದರ ಕ್ರಮ ಹೀಗೆ: ಮೊದಲು ಒಂದು ಮೂಲಕೀಲಿಯನ್ನು ಸೃಷ್ಟಿಸಿ ಅದರಿಂದ ಎಲ್ಲ ಖಾಸಗಿ ಕೀಲಿಗಳನ್ನೂ ಮರೆಮಾಡುವುದು, ಅನಂತರ ಒಡೆಯನು ನೆನಪಿನಲ್ಲಿಟ್ಟುಕೊಂಡಿರುವ ಗುಪ್ತಪದದಿಂದ ಆ ಮೂಲಕೀಲಿಯನ್ನು ಮರೆಮಾಡುವುದು. ಒಡವೆಯ ಪೆಟ್ಟಿಗೆಯ ಬೀಗದ ಕೈಯನ್ನು ಇನ್ನೊಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆ. ಗುಪ್ತಪದವನ್ನು ಬದಲಿಸಬೇಕಾದಾಗ ಸಣ್ಣ ಪೆಟ್ಟಿಗೆಯ ಬೀಗವನ್ನು ಬದಲಿಸಿದರೆ ಸಾಕು.

ಆದರೆ ಈ ಪರಿಹಾರದಲ್ಲೇ ಒಂದು ರಂಧ್ರವಿದ್ದಿತು. ಗೂಢಲಿಪಿಯ ಹೊಸ ದಾಖಲೆಯನ್ನು ಬರೆದ ಮೇಲೆ ಹಳೆಯ ತೆರೆದ ದಾಖಲೆಯನ್ನು ಅಳಿಸುವಂತೆ ತಂತ್ರಾಂಶವು ಆಜ್ಞಾಪಿಸುತ್ತಿತ್ತು. ದತ್ತಾಂಶಕೋಶವಾದರೋ ಅದಕ್ಕೆ ‘ಅಳಿಸಿದೆ’ ಎಂಬ ಗುರುತನ್ನು ಹಾಕಿ, ಅಕ್ಷರಗಳನ್ನು ಇದ್ದಲ್ಲಿಯೇ ಬಿಡುತ್ತಿತ್ತು. ಓಲೆಗರಿಯ ಕಟ್ಟಿನ ಸೂಚಿಯಿಂದ ಒಂದು ಹೆಸರನ್ನು ಹೊಡೆದುಹಾಕಿ, ಗರಿಯನ್ನು ಕಟ್ಟಿನೊಳಗೇ ಉಳಿಸಿದಂತಾಯಿತು. ಸೂಚಿಯನ್ನು ನೋಡದೆ ಗರಿಗಳನ್ನೇ ಮಗುಚಿ ನೋಡುವವನಿಗೆ ಎಲ್ಲವೂ ಓದಲು ಸಿಗುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಈ ದೋಷವನ್ನು ತಿದ್ದಿ, ಇಡೀ ಕಡತವನ್ನೇ ಹೊಸದಾಗಿ ಬರೆಯುವ ವಿಧಾನವನ್ನು ಅಳವಡಿಸಲಾಯಿತು. ಆಶ್ರಯಿಸಿದ ಉಪಕರಣದ ನಡತೆಯನ್ನು ಪರೀಕ್ಷಿಸದೆ ಭದ್ರತೆಯನ್ನು ಸಾರಬಾರದೆಂಬುದು ಈ ಪ್ರಸಂಗದ ಪಾಠ.

ಎರಡನೆಯ ತೊಡಕು ಪ್ರತಿಗಳಿಗೆ ಸಂಬಂಧಿಸಿದುದು. ಪ್ರತಿ ಸಂದಾಯದಲ್ಲಿಯೂ ಮಿಕ್ಕ ಚಿಲ್ಲರೆಯು ಸಾಮಾನ್ಯವಾಗಿ ಹೊಸದೊಂದು ಕೀಲಿಯ ವಶಕ್ಕೆ ಹೋಗುತ್ತದೆ. ಒಡೆಯನು ಕಡತದ ಪ್ರತಿಯನ್ನು ತೆಗೆದಿಟ್ಟಿದ್ದರೂ, ಅನಂತರ ಹುಟ್ಟಿದ ಕೀಲಿಗಳು ಆ ಪ್ರತಿಯಲ್ಲಿ ಇರುತ್ತಿರಲಿಲ್ಲ. ಇದಕ್ಕಾಗಿ 100 ಕೀಲಿಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡುವ ಏರ್ಪಾಡು ಬಂದಿತು. ಆದರೆ ಆ ನೂರೂ ತೀರಿದ ಮೇಲೆ ಹಳೆಯ ಪ್ರತಿಯು ನಿಷ್ಪ್ರಯೋಜಕವೇ. 2012ರಲ್ಲಿ ಪೀಟರ್ ವುಯ್ಲೆ ಎಂಬ ತಜ್ಞರು ಒಂದೇ ಬೀಜಸಂಖ್ಯೆಯಿಂದ ಅಸಂಖ್ಯ ಕೀಲಿಗಳನ್ನು ನಿಯತ ಕ್ರಮದಲ್ಲಿ ಪಡೆಯುವ ವಿಧಾನವನ್ನು ಸೂಚಿಸಿದರು. ಬೀಜವೊಂದನ್ನು ಕಾಪಾಡಿದರೆ ವೃಕ್ಷವೆಲ್ಲವನ್ನೂ ಕಾಪಾಡಿದಂತೆ. ಈ ವಿಧಾನವು ಮೂಲ ತಂತ್ರಾಂಶದ ಚೀಲವನ್ನು ಪ್ರವೇಶಿಸಿದುದು 2016ರ ಆಗಸ್ಟಿನಲ್ಲಿ, 0.13.0 ಆವೃತ್ತಿಯಲ್ಲಿ. ನಾಲ್ಕು ವರ್ಷಗಳ ಈ ವಿಳಂಬವನ್ನು ಆಲಸ್ಯವೆಂದು ಬಗೆಯಲಾಗದು; ಇನ್ನೊಬ್ಬರ ಹಣದ ಮೇಲೆ ಕೈಯಿಡುವವನು ಅವಸರಪಡಲಾಗದು.

ಮೂರನೆಯದು ಯಾದೃಚ್ಛಿಕತೆಯ ಪ್ರಶ್ನೆ. ಕೀಲಿಯು ಯಾರೂ ಊಹಿಸಲಾಗದ ಸಂಖ್ಯೆಯಾಗಿರಬೇಕು. ಅಷ್ಟೇ ಅಲ್ಲ, ಪ್ರತಿಯೊಂದು ರುಜುವಿಗೂ ಒಂದು ಹೊಸ ಗುಪ್ತಸಂಖ್ಯೆ ಬೇಕು. ಒಂದೇ ಕೀಲಿಯ ಎರಡು ರುಜುಗಳಲ್ಲಿ ಆ ಸಂಖ್ಯೆ ಪುನರುಕ್ತವಾದರೆ, ಗಣಿತವನ್ನು ಬಲ್ಲ ಯಾವನಾದರೂ ಖಾಸಗಿ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಲ್ಲನು. 2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ದೂರವಾಣಿಗಳ ಯಾದೃಚ್ಛಿಕ ಸಂಖ್ಯೆಯ ಯಂತ್ರಾಂಗದಲ್ಲಿದ್ದ ದೌರ್ಬಲ್ಯದಿಂದ ಇಂತಹುದೇ ಅನಾಹುತ ಸಂಭವಿಸಿ, ಆ ದೂರವಾಣಿಗಳಲ್ಲಿದ್ದ ಚೀಲಗಳಿಂದ ಹಣವು ಕಳವಾಯಿತು. ಕೀಲಿ ಮತ್ತು ಸಂದೇಶಗಳೆರಡರಿಂದಲೇ ಆ ಸಂಖ್ಯೆಯನ್ನು ನಿಯತವಾಗಿ ಪಡೆಯುವ ಕ್ರಮವು ಇದಕ್ಕೆ ಮದ್ದಾಯಿತು.

ಪರಾಶ್ರಯವನ್ನು ಕಡಿಮೆ ಮಾಡಿಕೊಂಡುದು ನಾಲ್ಕನೆಯ ಹೆಜ್ಜೆ. ರುಜುವಿನ ಗಣಿತಕ್ಕಾಗಿ ಈ ತಂತ್ರಾಂಶವು ಓಪನ್‌ಎಸ್‌ಎಸ್‌ಎಲ್ ಎಂಬ ಬೃಹತ್ ಸಂಗ್ರಹವನ್ನು ನೆಚ್ಚಿಕೊಂಡಿದ್ದಿತು. 2014ರ ಏಪ್ರಿಲಿನಲ್ಲಿ ಆ ಸಂಗ್ರಹದಲ್ಲಿ ಹಾರ್ಟ್‌ಬ್ಲೀಡ್ ಎಂಬ ಘೋರ ದೋಷವು ಬಯಲಾದಾಗ ಬಿಟ್‌ಕಾಯಿನ್ ತಂತ್ರಾಂಶವೂ ತುರ್ತಾಗಿ 0.9.1 ಆವೃತ್ತಿಯನ್ನು ಹೊರತರಬೇಕಾಯಿತು. ತನಗೆ ಬೇಕಾದಷ್ಟನ್ನೇ ಮಾಡುವ ಪ್ರತ್ಯೇಕ ಗಣಿತಸಂಗ್ರಹವನ್ನು ಈ ತಂಡವು ರಚಿಸಿಕೊಂಡಿತು. 2015ರಲ್ಲಿ ರುಜು ಹಾಕುವುದಕ್ಕೂ 2016ರಲ್ಲಿ ರುಜುವನ್ನು ಪರೀಕ್ಷಿಸುವುದಕ್ಕೂ ಅದು ಬಳಕೆಗೆ ಬಂದು, 2020ರಲ್ಲಿ ಹಳೆಯ ಸಂಗ್ರಹದ ನಂಟು ಸಂಪೂರ್ಣವಾಗಿ ಕಡಿಯಿತು.

ಇನ್ನು ಜೀರ್ಣೋದ್ಧಾರದ ವಿಚಾರ. ಹೊರಗಿನ ನಡತೆ ಎಳ್ಳಷ್ಟೂ ಬದಲಾಗದಂತೆ ಒಳಗಿನ ರಚನೆಯನ್ನು ಮಾತ್ರ ತಿದ್ದುವ ಕಾರ್ಯವನ್ನು ತಂತ್ರಜ್ಞರು ‘ರೀಫ್ಯಾಕ್ಟರಿಂಗ್’ ಎನ್ನುತ್ತಾರೆ. ಶಿಥಿಲವಾದ ಓಲೆಗರಿಯ ಗ್ರಂಥವನ್ನು ಹೊಸ ಗರಿಗಳಿಗೆ ಪ್ರತಿಮಾಡುವ ಲಿಪಿಕಾರನ ಕಾರ್ಯಕ್ಕೆ ಇದನ್ನು ಹೋಲಿಸಬಹುದು. ಅಕ್ಷರವು ದುಂಡಾಗಬೇಕು, ಸಾಲು ನೇರವಾಗಬೇಕು. ಆದರೆ ಪಾಠವು ಕೆಡಬಾರದು. ಅನಗತ್ಯವೆಂದು ತೋರಿದ ಒಂದು ಅಕ್ಷರವನ್ನು ಲಿಪಿಕಾರನು ಕೈಬಿಟ್ಟರೆ ಅರ್ಥವೇ ತಲೆಕೆಳಗಾಗಬಹುದು. ಬಿಟ್‌ಕಾಯಿನ್ ತಂತ್ರಾಂಶದಲ್ಲಿ ಇಂತಹುದು ನಡೆದೇ ಹೋಯಿತು. ವೇಗವನ್ನು ಹೆಚ್ಚಿಸಲೆಂದು, ಬೇರೆಡೆ ಹೇಗೂ ನಡೆಯುತ್ತದೆಯೆಂಬ ನಂಬುಗೆಯಿಂದ, 2017ರ 0.14.0 ಆವೃತ್ತಿಯಲ್ಲಿ ಒಂದು ತಪಾಸಣೆಯನ್ನು ಬಿಡಲಾಗಿದ್ದಿತು. ಮುಂದಿನ ಮಾರ್ಪಾಡುಗಳೊಡನೆ ಕೂಡಿ ಅದು ಒಂದೇ ನಾಣ್ಯವನ್ನು ಒಂದೇ ಸಂದಾಯದಲ್ಲಿ ಎರಡು ಬಾರಿ ಎಣಿಸಲು ಎಡೆಮಾಡುವಂತಿತ್ತು. 2018ರ ಸೆಪ್ಟೆಂಬರಿನಲ್ಲಿ ಇದು ಪತ್ತೆಯಾಗಿ, 0.16.3 ಆವೃತ್ತಿಯಲ್ಲಿ ಸರಿಪಡಿಸಲ್ಪಟ್ಟಿತು. ಈ ದೋಷವು ಲೆಕ್ಕದ ಪುಸ್ತಕವನ್ನು ಪರೀಕ್ಷಿಸುವ ಭಾಗದ್ದೇ ಹೊರತು ಚೀಲದ್ದಲ್ಲ. ಆದರೂ ಹಳತನ್ನು ತಿದ್ದುವವರೆಲ್ಲರಿಗೂ ಅದೊಂದು ಎಚ್ಚರಿಕೆಯ ಗಂಟೆಯಾಯಿತು.

ಚೀಲದ ಒಳರಚನೆಯಲ್ಲಿ ಮಹತ್ತರವಾದ ಮಾರ್ಪಾಡು ಆರಂಭವಾದುದು 2021ರ ಜನವರಿಯ 0.21.0 ಆವೃತ್ತಿಯಿಂದ. ಹಳೆಯ ಚೀಲವು ಕೀಲಿಗಳ ರಾಶಿಯಾಗಿದ್ದಿತು. ಯಾವ ಕೀಲಿಯಿಂದ ಯಾವ ಬಗೆಯ ವಿಳಾಸಗಳು ತನ್ನವೆಂದು ಎಣಿಸಬೇಕೆಂಬುದನ್ನು ತಂತ್ರಾಂಶವು ಊಹೆಯಿಂದ ತಿಳಿಯುತ್ತಿತ್ತು. ಆ ಊಹೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಜಟಿಲವಾಗಿದ್ದವು. ಹೊಸ ಚೀಲದಲ್ಲಿ ‘ಡಿಸ್ಕ್ರಿಪ್ಟರ್’ ಎಂಬ ವಿವರಣಾಸೂತ್ರವಿರುತ್ತದೆ. ವೈಯಾಕರಣನು ಧಾತುವಿಗೆ ಯಾವ ಪ್ರತ್ಯಯವು ಯಾವ ಕ್ರಮದಲ್ಲಿ ಹತ್ತಬೇಕೆಂದು ಸೂತ್ರದಲ್ಲಿ ವಿಧಿಸುವಂತೆ, ಇಂತಹ ಬೀಜದಿಂದ ಇಂತಹ ಮಾರ್ಗದಲ್ಲಿ ಇಂತಹ ಬಗೆಯ ವಿಳಾಸಗಳೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಊಹೆಗೆ ಅಲ್ಲಿ ಎಡೆಯಿಲ್ಲ. ಇದರೊಡನೆ ಹಳೆಯ ಬರ್ಕ್‌ಲಿ ಡಿಬಿಯ ಸ್ಥಾನದಲ್ಲಿ ಎಸ್‌ಕ್ಯೂಲೈಟ್ ಎಂಬ ದತ್ತಾಂಶಕೋಶವು ಬಂದಿತು. 2022ರ ಏಪ್ರಿಲಿನ 23.0 ಆವೃತ್ತಿಯಿಂದ ಹೊಸ ಚೀಲಗಳೆಲ್ಲ ಈ ಮಾದರಿಯಲ್ಲಿಯೇ ಹುಟ್ಟತೊಡಗಿದವು. 2025ರ ಅಕ್ಟೋಬರಿನ 30.0 ಆವೃತ್ತಿಯಲ್ಲಿ ಹಳೆಯ ಮಾದರಿಯನ್ನು ಕೈಬಿಡಲಾಯಿತು; ಹಳೆಯ ಕಡತಗಳನ್ನು ಹೊಸ ಮಾದರಿಗೆ ವರ್ಗಾಯಿಸುವ ದಾರಿಯನ್ನು ಮಾತ್ರ ತೆರೆದಿಡಲಾಯಿತು.

ಇಲ್ಲಿ ಗಮನಿಸಬೇಕಾದುದು ಹಳಬರ ಬಗೆಗಿನ ಹೊಣೆಯನ್ನು. ಹತ್ತು ವರ್ಷಗಳ ಹಿಂದೆ ಕಡತವನ್ನು ಪೆಟ್ಟಿಗೆಯಲ್ಲಿಟ್ಟು ಮರೆತವನು ಮುಂದೊಮ್ಮೆ ಅದನ್ನು ತಂದಾಗ ‘ನಿನ್ನ ಚೀಲವನ್ನು ಬಿಚ್ಚುವ ವಿದ್ಯೆ ನಮಗೆ ಮರೆತಿದೆ’ ಎನ್ನಲಾಗದು. ಆದುದರಿಂದಲೇ ವರ್ಗಾವಣೆಗೆ ಮುನ್ನ ಹಳೆಯ ಕಡತದ ಪ್ರತಿಯೊಂದನ್ನು ತೆಗೆದಿರಿಸುವ ಕ್ರಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿದೆ. ಜನರು ವಾಸಿಸುತ್ತಿರುವ ತೊಟ್ಟಿಮನೆಯ ಕಂಬವನ್ನು ಬದಲಿಸುವ ಬಡಗಿಯು ಮೊದಲು ತೊಲೆಗೆ ಆಸರೆ ಕೊಡದೆ ಹಳೆಯ ಕಂಬಕ್ಕೆ ಕೈಹಚ್ಚುವುದಿಲ್ಲ.

ತಂತ್ರಾಂಶವನ್ನು ಬರೆಯುವ ಕ್ರಮವೂ ರಕ್ಷಣೆಯ ಅಂಗವೇ ಆಗಿದೆ. ಪ್ರತಿಯೊಂದು ತಿದ್ದುಪಡಿಯನ್ನೂ ಬರೆದವನಲ್ಲದೆ ಅನ್ಯರು ಪರಿಶೀಲಿಸುತ್ತಾರೆ. ಹಳೆಯ ನಡತೆ ಉಳಿದಿದೆಯೇ ಎಂಬುದನ್ನು ಯಾಂತ್ರಿಕ ಪರೀಕ್ಷೆಗಳು ಒರೆಗೆ ಹಚ್ಚುತ್ತವೆ. ಬೇರೆಬೇರೆ ವ್ಯಕ್ತಿಗಳು ತಮ್ಮ ತಮ್ಮ ಯಂತ್ರಗಳಲ್ಲಿ ಒಂದೇ ಮೂಲದಿಂದ ತಂತ್ರಾಂಶವನ್ನು ಸಿದ್ಧಪಡಿಸಿ, ಫಲಿತಾಂಶವು ಅಕ್ಷರಶಃ ಒಂದೇ ಎಂದು ರುಜು ಹಾಕುತ್ತಾರೆ. ಇದರಿಂದ ಒಬ್ಬನ ಯಂತ್ರದಲ್ಲಿ ಕಳ್ಳನು ಹೊಕ್ಕರೂ ಮೋಸವು ಬಯಲಾಗುತ್ತದೆ. 2018ರಿಂದ ಸಂದಾಯಪತ್ರವನ್ನು ಒಂದು ಯಂತ್ರದಲ್ಲಿ ಸಿದ್ಧಪಡಿಸಿ, ಜಾಲದ ಸಂಪರ್ಕವೇ ಇಲ್ಲದ ಇನ್ನೊಂದು ಯಂತ್ರದಲ್ಲಿ ರುಜು ಹಾಕಿಸುವ ಏಕರೂಪದ ಕ್ರಮವೂ ಈ ತಂತ್ರಾಂಶದಲ್ಲಿ ಬಳಕೆಗೆ ಬಂದಿದೆ.

ಇಷ್ಟಾದರೂ ತಂತ್ರಾಂಶವು ಎಲ್ಲವನ್ನೂ ಕಾಯಲಾರದು. ಗುಪ್ತಪದವನ್ನು ಮರೆತವನಿಗೆ, ಕಡತದ ಒಂದೇ ಪ್ರತಿಯನ್ನಿಟ್ಟುಕೊಂಡು ಯಂತ್ರವನ್ನು ಕಳೆದುಕೊಂಡವನಿಗೆ, ಅಪರಿಚಿತನ ಮಾತಿಗೆ ಮರುಳಾಗಿ ಬೀಜವನ್ನು ಹೇಳಿಬಿಟ್ಟವನಿಗೆ ಅದು ನೆರವಾಗಲಾರದು. ಈ ಬಗೆಯ ಹಣವನ್ನು ಹೊಂದಬೇಕೇ ಬೇಡವೇ ಎಂಬುದು ಬೇರೆಯ ವಿಚಾರ. ಆದರೆ ಸಾರ್ವಜನಿಕರ ದ್ರವ್ಯವನ್ನೋ ದಾನಪತ್ರಗಳನ್ನೋ ವಿದ್ಯಾರ್ಥಿಗಳ ದಾಖಲೆಗಳನ್ನೋ ಕಾಯುವ ಹೊಣೆ ಹೊತ್ತವರೆಲ್ಲರಿಗೂ ಈ ಚೀಲದ ಚರಿತ್ರೆಯಲ್ಲಿ ತಿಳಿಯತಕ್ಕ ಅಂಶಗಳಿವೆ. ತಪ್ಪನ್ನು ಮುಚ್ಚಿಡದೆ ಪ್ರಕಟಿಸಿ ತಿದ್ದುವುದು, ಒಬ್ಬನ ಕೈಯ ಕೆಲಸವನ್ನು ಮತ್ತೊಬ್ಬನ ಕಣ್ಣಿಗೆ ಒಪ್ಪಿಸುವುದು, ಹೊಸತನ್ನು ಕಟ್ಟುವಾಗ ಹಳಬನ ಪಾಲನ್ನು ಮರೆಯದಿರುವುದು ಇವು ಮೂರು ಇರುವಲ್ಲಿ ಯೋಗವು ಕ್ಷೇಮವಾಗಿ ನಿಲ್ಲುತ್ತದೆ.