ಗಣಿತಬೋಧನೆಯ ಸೋಪಾನಕ್ರಮ

ಎಲ್ಲ ವಿದ್ಯೆಗಳಿಗೂ ಕ್ರಮವುಂಟು. ಗಣಿತಕ್ಕಾದರೋ ಕ್ರಮವೇ ಜೀವ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಹದಿನೆಂಟರವರೆಗಿನ ವಯಸ್ಸನ್ನು 5, 3, 3, 4 ವರ್ಷಗಳ ನಾಲ್ಕು ಹಂತಗಳಾಗಿ ವಿಂಗಡಿಸಿತು. ಮೊದಲ ಹಂತದಲ್ಲಿ ಮಗು ಹುಣಸೆಬೀಜಗಳನ್ನು ಎಣಿಸಿ, ಗುಂಪುಗೂಡಿಸಿ ಸಂಖ್ಯೆಯನ್ನು ಅರಿಯುತ್ತದೆ. ಎರಡನೆಯದರಲ್ಲಿ ಸ್ಥಾನಬೆಲೆ, ನಾಲ್ಕು ಮೂಲಕ್ರಿಯೆಗಳು, ಭಿನ್ನರಾಶಿಯ ಪರಿಚಯ. ಮೂರನೆಯದರಲ್ಲಿ ಋಣಸಂಖ್ಯೆ, ಅನುಪಾತ, ಬೀಜಗಣಿತದ ಆರಂಭ. ಕೊನೆಯದರಲ್ಲಿ ಪ್ರಮೇಯಗಳ ಸಾಧನೆ, ತ್ರಿಕೋನಮಿತಿ, ಗಣಿತವನ್ನೇ ಆರಿಸಿಕೊಂಡವರಿಗೆ ಕಲನಶಾಸ್ತ್ರ.

ನನ್ನ ಅಧ್ಯಾಪನಕಾಲದಲ್ಲಿ ಕಂಡಂತೆ, ಈ ಸೋಪಾನದಲ್ಲಿ ಮಕ್ಕಳ ಕಾಲು ಜಾರುವುದು ಭಿನ್ನರಾಶಿಯಲ್ಲಿ. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಿರೆಂದರೆ, ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಸೇರಿಸಿ 2/5 ಎಂದು ಬರೆಯುವವರು ಅನೇಕರು. 2/5 ಅರ್ಧಕ್ಕಿಂತಲೂ ಕಡಮೆ. ಕೂಡಿಸಿದ ಮೇಲೆ ಮೊತ್ತವು ಕುಗ್ಗುವುದೆಂತು? ಈ ಪ್ರಶ್ನೆಯೇ ಅವರಿಗೆ ಹೊಳೆಯದು. ಒಂದು ರೊಟ್ಟಿಯನ್ನು ಆರು ಸಮಭಾಗ ಮಾಡಿ ತೋರಿಸಿದರೆ, ಅರ್ಧವೆಂದರೆ ಮೂರು ಭಾಗ, ಮೂರನೆಯ ಒಂದೆಂದರೆ ಎರಡು ಭಾಗ, ಒಟ್ಟು 5/6 ಎಂಬುದು ಕಣ್ಣಿಗೇ ಕಾಣುವುದು. ಸಮಚ್ಛೇದದ ಮರ್ಮ ಇಷ್ಟೇ.

ಎಂಟನೆಯ ತರಗತಿಯಲ್ಲಿ ಬೀಜಗಣಿತ ಬಾರದೆ ಕಣ್ಣೀರಿಟ್ಟ ಬಾಲಿಕೆಯೊಬ್ಬಳನ್ನು ನಾನು ಒಮ್ಮೆ ದಡ್ಡಿಯೆಂದು ಜರೆದೆ. ಆಕೆಗೆ ಬಾರದಿದ್ದುದು ಬೀಜಗಣಿತವಲ್ಲ, ಐದನೆಯ ತರಗತಿಯ ಭಿನ್ನರಾಶಿ ಎಂಬುದು ಆಕೆಯ ಹಳೆಯ ಉತ್ತರಪತ್ರಿಕೆಗಳನ್ನು ತಿರುವಿದಾಗ ತಿಳಿಯಿತು. ಅಷ್ಟರಲ್ಲಿ ಆಕೆ ಶಾಲೆ ಬಿಟ್ಟಾಗಿತ್ತು. ಮೇಲೇರಲಾರದ ಮಗುವನ್ನು ಗದರಿಸುವ ಮುನ್ನ ಕೆಳಗಿನ ಯಾವ ಮೆಟ್ಟಿಲು ಮುರಿದಿದೆಯೆಂದು ನೋಡುವುದು ಗುರುವಾದವನ ಮೊದಲ ಕರ್ತವ್ಯ.