ಆಣೆಯೊಂದೇ ಸಾಲದು, ಔಷಧವೂ ಬೇಕು

ತಪಸ್ಸುಕಾಲ ಸಮೀಪಿಸಿದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಶಿವಾಜಿನಗರವಿರಲಿ, ಹಲಸೂರಿರಲಿ, ಕೆ.ಆರ್. ಪುರವಿರಲಿ, ಕುಡಿತದಿಂದ ನಲುಗಿದ ಮನೆಯ ತಾಯಂದಿರು ಗಂಡನನ್ನೋ ಮಗನನ್ನೋ ಗುರುಗಳ ಬಳಿಗೆ ಕರೆತಂದು, ಶಿಲುಬೆಯ ಮುಂದೆ ಆಣೆ ಮಾಡಿಸಬೇಕೆಂದು ಬೇಡಿಕೊಳ್ಳುತ್ತಾರೆ. ಬೂದಿ ಬುಧವಾರ ಬಿಟ್ಟ ಕುಡಿತ ಪಾಸ್ಖ ಹಬ್ಬದ ಸಂಜೆಗೆ ಮರಳಿ ಬಂದರೆ, ದೇವರಿಗೆ ಕೊಟ್ಟ ಮಾತಿಗೂ ಬೆಲೆಯಿಲ್ಲವೇ ಎಂದು ಮನೆಯವರು ಕೊರಗುತ್ತಾರೆ. ಅವನೂ ನಾಚಿ ಬಲಿಪೂಜೆಯಿಂದಲೇ ದೂರವಾಗುತ್ತಾನೆ.

ಇದನ್ನು ಭಕ್ತಿಯ ಕೊರತೆಯೆಂದು ಭಾವಿಸುವುದು ಸರಿಯಲ್ಲ. ಒಳಿತನ್ನು ಅರಿತೂ ಅದರಂತೆ ನಡೆಯಲಾಗದ ಮನುಷ್ಯನ ಸ್ಥಿತಿಯನ್ನು ಅರಿಸ್ಟಾಟಲ್ ಬಹು ಹಿಂದೆಯೇ ಚರ್ಚಿಸಿದ್ದಾನೆ. ಅಭ್ಯಾಸಬಲವು ವ್ಯಕ್ತಿಯ ನೈತಿಕ ಹೊಣೆಯನ್ನು ಕುಗ್ಗಿಸಬಲ್ಲದೆಂದು ನಮ್ಮ ಧರ್ಮಸಭೆಯೂ ಬೋಧಿಸುತ್ತದೆ. ದೀರ್ಘಕಾಲದ ಕುಡಿತ ಮಿದುಳಿನ ಕಾರ್ಯವನ್ನೇ ಮಾರ್ಪಡಿಸುತ್ತದೆಂಬುದು ಇಂದಿನ ವೈದ್ಯಶಾಸ್ತ್ರದ ತಿಳಿವಳಿಕೆ.

ಆಣೆಯಲ್ಲಿ ಅಪಾಯವೂ ಉಂಟು. ಪ್ರತಿದಿನ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಚಡಪಡಿಕೆ ಆರಂಭವಾಗುತ್ತವೆ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು-ಮೂರು ದಿನಗಳಾಗುವಾಗ ಕೆಲವರು ಸನ್ನಿಗೊಳಗಾಗಿ ಇಲ್ಲದ್ದನ್ನು ಕಾಣುತ್ತಾರೆ. ಇದು ಪ್ರಾಣವನ್ನೇ ತೆಗೆಯಬಹುದು. ಆ ಹೊತ್ತಿನಲ್ಲಿ ದೆವ್ವದ ಕಾಟವೆಂದು ತಿಳಿದು ತೀರ್ಥ ಚಿಮುಕಿಸುತ್ತಾ ಕಾಯಬಾರದು. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಆದಕಾರಣ ಆಣೆಗೆ ಮೊದಲೇ ವೈದ್ಯರ ಭೇಟಿಯಾಗಲಿ.

ಈ ವಿಷಯದಲ್ಲಿ ನಮ್ಮ ನಗರ ಭಾಗ್ಯಶಾಲಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಇಂತಹ ಚಿಕಿತ್ಸೆಯಲ್ಲಿ ಮೊದಲು ಕುಡಿತ ನಿಂತಾಗಿನ ಯಾತನೆಯನ್ನು ಔಷಧದಿಂದ ಶಮನಗೊಳಿಸಿ, ಥಯಾಮಿನ್ ಎಂಬ ಜೀವಸತ್ವವನ್ನು ನೀಡುತ್ತಾರೆ. ಬಳಿಕ ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಮಾತ್ರೆಗಳುಂಟು. ಡೈಸಲ್ಫಿರಾಮ್ ಸೇವಿಸಿದವನು ಮದ್ಯ ಮುಟ್ಟಿದರೆ ತೀವ್ರ ಅಸ್ವಸ್ಥನಾಗುತ್ತಾನೆ. ಅದನ್ನು ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದು ಜೀವಕ್ಕೆ ಕುತ್ತು. ಸಂಬಳದ ದಿನ, ಹಳೆಯ ಗೆಳೆಯರು, ಮನೆಯ ಜಗಳ, ಇವುಗಳಲ್ಲಿ ಯಾವುದು ತನ್ನನ್ನು ಮದ್ಯದಂಗಡಿಗೆ ಒಯ್ಯುತ್ತದೆಂದು ಗುರುತಿಸಿ ಎದುರಿಸುವುದನ್ನು ಆಪ್ತಸಮಾಲೋಚನೆ ಕಲಿಸುತ್ತದೆ. ಅಲ್ಲಿ ಯಾರೂ ಅವನ ಧರ್ಮವನ್ನು ಕೇಳುವುದಿಲ್ಲ.

1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ನಮ್ಮವರಿಗೆ ಪರಿಚಿತ. ಅದರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಉಲ್ಲೇಖವಿದೆ. ಅದು ಫಲಕಾರಿಯೆಂದು 2020ರ ಕೊಕ್ರೇನ್ ಸಮೀಕ್ಷೆಯೂ ತೋರಿಸಿತು. ಆದರೆ ಪ್ರಾರ್ಥನೆಯ ಮಾತು ಕೇಳಿದೊಡನೆ ಎದ್ದು ಹೋಗುವವರೂ ಇದ್ದಾರೆ. ಅಂಥವರಿಗಾಗಿ ಅದೇ ದೇಶದಲ್ಲಿ 1985ರಲ್ಲಿ ಸೆಕ್ಯುಲರ್ ಆರ್ಗನೈಸೇಷನ್ಸ್ ಫಾರ್ ಸೊಬ್ರೈಟಿ ಆರಂಭವಾಯಿತು. 1994ರಲ್ಲಿ ಸ್ಥಾಪನೆಯಾದ ಸ್ಮಾರ್ಟ್ ರಿಕವರಿ, ಮನಶ್ಶಾಸ್ತ್ರದ ವಿಧಾನಗಳಿಂದ ಸ್ವಂತ ಸಂಕಲ್ಪವನ್ನು ಬಲಪಡಿಸುತ್ತದೆ. ಅದರ ಸಭೆಗಳು ಅಂತರ್ಜಾಲದಲ್ಲಿಯೂ ನಡೆಯುತ್ತವೆ.

ಮಗ ಇಂತಹ ದಾರಿ ಹಿಡಿದರೆ ದೇವರನ್ನೇ ತೊರೆದನೆಂದು ಅಂಜಬೇಕೇ? ದೈವಕೃಪೆಯು ಮಾನವ ಪ್ರಕೃತಿಯನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ತತ್ತ್ವ. ಸಿರಾಖನ ಗ್ರಂಥದ 38ನೇ ಅಧ್ಯಾಯವು ರೋಗಿಗೆ ಪ್ರಾರ್ಥನೆಯನ್ನೂ ವೈದ್ಯನನ್ನೂ ಒಟ್ಟಿಗೇ ಸೂಚಿಸುತ್ತದೆ. ಔಷಧವೂ ವಿವೇಕವೂ ಸೃಷ್ಟಿಕರ್ತನ ಕೊಡುಗೆಗಳೇ ಆಗಿರುವಾಗ, ಅವುಗಳಿಂದ ಚೇತರಿಸಿಕೊಂಡವನು ದೇವರ ಕೈಯಿಂದ ಹೊರಗೆ ಹೋದವನಲ್ಲ.

ಆದ್ದರಿಂದ ಕುಟುಂಬದವರಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ನೆರವಿಗೆ ಬಲಿಪೂಜೆಯ ಹಾಜರಿಯನ್ನು ಷರತ್ತಾಗಿಸಬೇಡಿ. ಮತ್ತೆ ಕುಡಿದನೆಂದು ಬಾಗಿಲು ಮುಚ್ಚಬೇಡಿ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ, ಮರಳಿ ಚಿಕಿತ್ಸೆಗೆ ಕರೆದೊಯ್ಯಿರಿ. 14446 ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್ ಸಂಖ್ಯೆ. ಇವೆರಡನ್ನೂ ಜಪಮಾಲೆಯ ಪಕ್ಕದಲ್ಲಿಯೇ ಬರೆದಿಟ್ಟುಕೊಳ್ಳಿ. ಪ್ರಾರ್ಥನೆ ಮನೆಯಲ್ಲಿ ನಡೆಯುತ್ತಿರಲಿ, ಮಗ ಆಸ್ಪತ್ರೆಯ ಸರದಿಯಲ್ಲಿ ಕುಳಿತಿರಲಿ. ಅವನು ಬದುಕಿ ಉಳಿಯುವುದು ಮೊದಲ ಮಾತು.