ಎಲೆಯ ದರ ಇಳಿಸುವ ಮುನ್ನ

ಮದುವೆ, ಉಪನಯನ, ಗೃಹಪ್ರವೇಶಗಳ ಅಡುಗೆ ಗುತ್ತಿಗೆಯಲ್ಲಿ ವ್ಯವಹಾರ ಕುದುರುವುದು ಎಲೆಯ ಲೆಕ್ಕದಲ್ಲಿ. ಎಲೆಯೊಂದಕ್ಕೆ 300 ರೂ. ಹೇಳಿದ ಗುತ್ತಿಗೆದಾರನಿಗೆ ‘ಇನ್ನೊಬ್ಬರು 260ಕ್ಕೆ ಒಪ್ಪಿದ್ದಾರೆ’ ಎಂಬ ಮಾತು ಬಂದೊಡನೆ, ಗಿರಾಕಿ ಕೈತಪ್ಪೀತೆಂಬ ಆತಂಕದಿಂದ ಆತನೂ 260ಕ್ಕೆ ಇಳಿಯುವುದು ಸಾಮಾನ್ಯ. ಬಿಟ್ಟುಕೊಟ್ಟ 40 ರೂ. ಯಾವ ಗಂಟಿನಿಂದ ಹೋಯಿತೆಂದು ಲೆಕ್ಕ ಹಾಕುವವರು ಕಡಿಮೆ.

ಉದಾಹರಣೆಗೆ 500 ಎಲೆಗಳ ಒಂದು ಊಟವನ್ನು ತೆಗೆದುಕೊಳ್ಳಬಹುದು. ದಿನಸಿ, ತರಕಾರಿ, ಹಾಲು ಮೊಸರು, ಬಾಳೆಎಲೆ, ಗ್ಯಾಸ್, ಬಡಿಸುವವರ ದಿನಗೂಲಿ, ಸಾಗಣೆ ಮುಂತಾಗಿ ಆ ಊಟಕ್ಕೆಂದೇ ತಗಲುವ ವೆಚ್ಚ ಎಲೆಯೊಂದಕ್ಕೆ 210 ರೂ. ಆದರೆ, 300ರ ದರದಲ್ಲಿ ಒಟ್ಟು ಉಳಿಯುವುದು 45,000 ರೂ.; 260ರ ದರದಲ್ಲಿ 25,000 ರೂ. ಗೋದಾಮಿನ ಬಾಡಿಗೆ, ಮುಖ್ಯ ಅಡುಗೆಯವರ ತಿಂಗಳ ಸಂಬಳ, ಪಾತ್ರೆಗಳಿಗಾಗಿ ಮಾಡಿದ ಸಾಲದ ಕಂತು, ಕೊನೆಗೆ ಮಾಲೀಕನ ಲಾಭ, ಎಲ್ಲವೂ ಈ ಉಳಿಕೆಯಿಂದಲೇ ಬರಬೇಕು. ದರ ಇಳಿದದ್ದು ಶೇ. 13ರಷ್ಟು, ಉಳಿಕೆ ಕುಸಿದದ್ದು ಶೇ. 44ರಷ್ಟು. ಹಳೆಯ ಉಳಿಕೆಯನ್ನೇ ಪಡೆಯಬೇಕಾದರೆ 900 ಎಲೆಗಳು ಏಳಬೇಕು. ಅಂಗಡಿಯಲ್ಲಿ ಬೆಲೆ ಇಳಿಸಿದರೆ ಗಿರಾಕಿ ಎರಡು ಸಾಬೂನು ಹೆಚ್ಚಾಗಿ ಕೊಂಡಾನು; ಊಟ ಅಗ್ಗವಾಯಿತೆಂದು ಯಾರೂ ಮದುವೆಗೆ ಇನ್ನೂ ನಾನೂರು ಮಂದಿಯನ್ನು ಕರೆಯುವುದಿಲ್ಲ.

ಮುಹೂರ್ತದ ದಿನಗಳಂತೂ ಎಣಿಕೆಯವು. ಅಂಥ ದಿನವನ್ನು 260ಕ್ಕೆ ಒಪ್ಪಿಕೊಂಡವನು ಅದೇ ದಿನ 300 ಕೊಡಲು ಬರುವವರನ್ನು ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಆಷಾಢದಲ್ಲಿ ಬರುವ ಕಚೇರಿ ಸಮಾರಂಭದ ಊಟದ ಮಾತು ಬೇರೆ. ಅಡುಗೆಯವರು ಕೆಲಸವಿಲ್ಲದೆ ಕುಳಿತಿರುವಾಗ 210ಕ್ಕಿಂತ ಮೇಲೆ ಬಂದದ್ದೆಲ್ಲ ಸ್ಥಿರ ವೆಚ್ಚಕ್ಕೆ ಒದಗುತ್ತದೆ. ಆಗ ದರ ಇಳಿಸುವುದು ಜಾಣತನವೇ.

ಎದುರಾಳಿಯ ದರ ಹೇಗೆ ಇಳಿಯಿತೆಂಬುದನ್ನೂ ವಿಚಾರಿಸಬೇಕು. ದುಬಾರಿ ಹೋಟೆಲುಗಳ ಆವರಣಗಳನ್ನು ಬಿಟ್ಟರೆ, ಹೊರಾಂಗಣ ಕೇಟರಿಂಗ್ ಸೇವೆಗೆ 2019ರ ಅಕ್ಟೋಬರ್ 1ರಿಂದ ಶೇ. 5ರ ಜಿ.ಎಸ್.ಟಿ. ಇದ್ದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಆದ್ದರಿಂದ ವಾಣಿಜ್ಯ ಸಿಲಿಂಡರ್, ಪಾತ್ರೆ, ಬಾಡಿಗೆಗಳ ಮೇಲೆ ತೆತ್ತ ತೆರಿಗೆಯೂ ವೆಚ್ಚವೇ ಆಗುತ್ತದೆ. ಅನೇಕರು ಇದನ್ನು ಎಲೆಯ ದರಕ್ಕೆ ಸೇರಿಸಲು ಮರೆಯುತ್ತಾರೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸಣ್ಣ ಗುತ್ತಿಗೆದಾರ ನೋಂದಣಿಯಿಲ್ಲದೆ, ತೆರಿಗೆ ವಿಧಿಸದೆ ವ್ಯಾಪಾರ ಮಾಡಿದರೆ ಅದು ಕಾನೂನುಬದ್ಧ. ಆದರೆ 19 ಕಿಲೋದ ವಾಣಿಜ್ಯ ಸಿಲಿಂಡರಿನ ಬದಲು ಮನೆಬಳಕೆಯ 14.2 ಕಿಲೋದ ಸಿಲಿಂಡರ್ ಉರಿಸುವುದಾಗಲಿ, 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಪರವಾನಗಿ ಅಥವಾ ನೋಂದಣಿ ಪಡೆಯದಿರುವುದಾಗಲಿ ಅಪರಾಧ. ಇಂಥ ಉಳಿತಾಯದೊಡನೆ ಪೈಪೋಟಿ ಸಲ್ಲದು.

ಗಿರಾಕಿಯ ಬಳಿ ನಿಜಕ್ಕೂ 265 ರೂ. ಮಾತ್ರ ಇದ್ದರೆ, ಇಳಿಸಬೇಕಾದದ್ದು ದರವನ್ನಲ್ಲ, ಅಡುಗೆಪಟ್ಟಿಯನ್ನು. ಒಂದು ಸಿಹಿ, ಒಂದು ಪಲ್ಯ, ಒಂದು ಕರಿದ ತಿಂಡಿ ಕೈಬಿಟ್ಟು ವೆಚ್ಚ 178 ರೂ.ಗೆ ಬಂದರೆ ಉಳಿಕೆ ಎಲೆಗೆ 87 ರೂ.; ಮೊದಲಿನ 90ಕ್ಕೆ ಹತ್ತಿರ. ಎರಡು ಪಟ್ಟಿಗಳನ್ನು ಎರಡು ದರಗಳೊಡನೆ ಮುಂದಿಟ್ಟಾಗ ಗಿರಾಕಿಯೇ ಆರಿಸಿಕೊಳ್ಳುತ್ತಾನೆ. ಪಟ್ಟಿ ಅದೇ ಇಟ್ಟು ತುಪ್ಪ, ಗೋಡಂಬಿಗಳಲ್ಲಿ ಕೈಬಿಗಿ ಮಾಡುವ ದಾರಿ ಮಾತ್ರ ಅಪಾಯದ್ದು: ಕೊನೆಯ ಪಂಕ್ತಿಗೆ ಪಾಯಸ ಸಾಲದೆ ಹೋದ ಸುದ್ದಿ ಮುಂದಿನ ಮದುವೆಯ ಮನೆಗೆ ಗುತ್ತಿಗೆದಾರನಿಗಿಂತ ಮೊದಲೇ ತಲುಪುತ್ತದೆ.

ಕಡಿಮೆ ದರ ಹೇಳಿದವರಲ್ಲಿ ಕೆಲವರು ಅದನ್ನು ಹೆಚ್ಚುವರಿ ಎಲೆಗಳಲ್ಲಿ ವಸೂಲು ಮಾಡುವುದೂ ಉಂಟು. ಆದಕಾರಣ ಕನಿಷ್ಠ ಎಲೆಗಳ ಸಂಖ್ಯೆ, ಅದನ್ನು ಮೀರಿದ ಎಲೆಯ ದರ, ಎಲೆ ಎಣಿಸುವಾಗ ಎರಡೂ ಕಡೆಯವರು ಹಾಜರಿರುವುದು, ತೆರಿಗೆ ಸೇರಿದೆಯೇ ಇಲ್ಲವೇ ಎಂಬುದು, ಇವಿಷ್ಟನ್ನು ಮುಂಗಡ ಪಡೆಯುವ ದಿನವೇ ಬರೆದು ಎರಡೂ ಕಡೆಯವರು ರುಜು ಹಾಕಬೇಕು. 300ರ ಎದುರು 260ನ್ನು ಗಿರಾಕಿ ಸರಿಯಾಗಿ ಹೋಲಿಸಲು ಸಾಧ್ಯವಾಗುವುದು ಆ ಕಾಗದ ಕೈಯಲ್ಲಿದ್ದಾಗಲೇ.